ದಾಸರ ಹೆಸರಿನಲ್ಲಿ ಸುಚಿತಾಳ ಪದ

ಹೊನ್ನಾವರದ ಸೇತುವೆ ದಾಟಿ ಆಚೆ ದಂಡೆಗೆ ಬಂದರೆ ಕಾಸರಕೋಡು. ಅಲ್ಲಿನ ಮರಳ ಬಯಲಿನಲ್ಲಿ ಮೀನು ಒಣಗಿಸುವ ಹೆಂಗಸರ ನಡುವೆ ಸುಚಿತಾ ಎಂಬ ಮೂವತ್ತೆಂಟರ ಗೃಹಿಣಿ ದುಡಿಯುತ್ತಾಳೆ. ಗಂಡ ಭಾಸ್ಕರ ಬೋಟಿನ ಕೆಲಸಕ್ಕೆ ಹೋಗುವವನು. ಅತ್ತೆ ಮಂಜಿ ಬುಟ್ಟಿ ಹೊತ್ತು ಕೇರಿ ಕೇರಿಗೆ ಮೀನು ಮಾರುವವಳು. ಸುಚಿತಾ ಏಳನೆಯ ತರಗತಿಯವರೆಗೆ ಕಲಿತಿದ್ದಾಳೆ. ಸಂಗೀತವನ್ನು ಯಾರೂ ಅವಳಿಗೆ ಕಲಿಸಿಲ್ಲ. ಆದರೂ ಇಂದು ತಾನೇ ಪದ ಕಟ್ಟಿ, ತಾನೇ ರಾಗ ಹಚ್ಚಿ, ತನ್ನ ಹೆಸರಿನಲ್ಲೇ ಹಾಡುತ್ತಾಳೆ. ಆ ಹೆಸರನ್ನು ಬಾಯಿಬಿಟ್ಟು ಹೇಳುವುದು ಅವಳಿಗೆ ಎಷ್ಟು ಕಠಿಣವಾಗಿತ್ತೆಂಬುದನ್ನು ಕಣ್ಣಾರೆ ಕಂಡವನಾದ್ದರಿಂದ, ಸಹೃದಯ ಬಂಧುಗಳ ಮುಂದೆ ಈ ವೃತ್ತಾಂತವನ್ನು ಇಡುತ್ತಿದ್ದೇನೆ.

ಹರಡಿದ ಮೀನನ್ನು ದಿನಕ್ಕೆ ಎರಡು ಬಾರಿ ಮಗುಚಿ ಹಾಕಬೇಕು. ಬಗ್ಗಿ ಮಗುಚುವ ಆ ಲಯದಲ್ಲಿಯೇ ಅವಳಿಗೆ ಸಾಲುಗಳು ಹುಟ್ಟುತ್ತಿದ್ದವು. ಕೈಯೆಲ್ಲ ಉಪ್ಪುನೀರಾದ್ದರಿಂದ ಬರೆದುಕೊಳ್ಳುವಂತಿಲ್ಲ. ಮನೆ ಮುಟ್ಟುವ ತನಕ ಸಾಲನ್ನು ಬಾಯಲ್ಲಿ ಹಿಡಿದಿಟ್ಟುಕೊಂಡು, ಕೈ ತೊಳೆದು, ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಗೆ ಬರೆದಿಡುತ್ತಿದ್ದಳು.

"ನಮ್ಮನೆ ಸೊಸೆ ಬಾಯಲ್ಲಿ ಎಂತ ಇಟ್ಕಂಡು ಬರ್ತದೋ ಏನೋ, ಕರದ್ರೆ ತುಟಿ ಬಿಚ್ಚುದಿಲ್ಲ" ಎಂದು ಮಂಜಿ ನೆರೆಯವರೊಡನೆ ನಗುತ್ತಿದ್ದಳು.

ನಮ್ಮ ಕೇರಿಯ ಭಜನಾ ಮಂಡಳಿ ಪ್ರತಿ ಶನಿವಾರ ಸಂಜೆ ಸೇರುತ್ತದೆ. ಪದಗಳ ನಡುವೆ ಕಾಲು ತಾಸು ಭಗವಂತನ ವಿಷಯವಾಗಿ ನಾಲ್ಕು ಮಾತು ಹೇಳುವ ಸೇವೆ, ಹಿಂದೆ ಶಾಲೆ ಮಾಸ್ತರನಾಗಿದ್ದ ನನ್ನದು. ಮಂಡಳಿಯನ್ನು ನಡೆಸುವ ರವೀಂದ್ರ ಅಂಚೆ ಇಲಾಖೆಯಿಂದ ನಿವೃತ್ತನಾದವನು, ಸಜ್ಜನ, ನಿಯಮದಲ್ಲಿ ಮಾತ್ರ ಕಟ್ಟುನಿಟ್ಟು. ದಾಸರು ತಾವು ಕಟ್ಟಿದ ಪದದ ಕೊನೆಯ ಚರಣದಲ್ಲಿ ತಮ್ಮ ಗುರುತಾಗಿ ದೇವರ ಹೆಸರೊಂದನ್ನು ಇರಿಸುತ್ತಾರಷ್ಟೆ, ಅದೇ ಅಂಕಿತ. ಅಂಕಿತವಿಲ್ಲದ ಪದವನ್ನು ಮಂಡಳಿಯಲ್ಲಿ ಹಾಡಬಾರದೆಂಬುದು ಅವನ ನಿಯಮ.

ನಾಲ್ಕು ವರ್ಷಗಳ ಹಿಂದೆ ಸುಚಿತಾ ಅಳುಕುತ್ತ ಒಂದು ಹಾಳೆಯನ್ನು ಅವನ ಕೈಗಿತ್ತಳು. ರವೀಂದ್ರ ಕನ್ನಡಕ ಏರಿಸಿ ಕೊನೆಯ ಸಾಲನ್ನೇ ಮೊದಲು ನೋಡಿದ.

"ಅಂಕಿತ ಎಲ್ಲದೆ ತಂಗಿ? ಇದು ಪೇಪರಿಗೆ ಕಳ್ಸು ಕವಿತೆ. ಇಲ್ಲಿ ದಾಸರು ಹೇಳಿದ್ದು ಮಾತ್ರ."

ಎರಡು ವಾರ ಅವಳು ಸುಮ್ಮನಿದ್ದಳು. ಮೂರನೆಯ ಶನಿವಾರ ಹೊಸದೊಂದು ಪದ ಎತ್ತಿದಳು:

"ಕಡಲ ಮೇಲೆ ಹಾದಿಯಿಲ್ಲ, ಹೆಜ್ಜೆಯ ಗುರುತಿಲ್ಲ,
ಹೋದವರ ಕರೆತರುವ ನಿನ್ನ ಕಣ್ಣಿಗೆ ನಿದ್ದೆಯಿಲ್ಲ;
ಅಳಿವೆ ಬಾಯಿಗೆ ಬಂದು ನಿಂತಿದೆ ದೋಣಿ,
ಉಬ್ಬರ ಬರುವ ತನಕ ಕೈಬಿಡಬೇಡ."

ಪದದ ಕೊನೆಯ ಚರಣದಲ್ಲಿ ಹಿಂದಿನ ಕಾಲದ ದಾಸರೊಬ್ಬರ ಅಂಕಿತವಿತ್ತು. ಅದನ್ನು ಅವಳೇ ಸೇರಿಸಿದ್ದಳು. ರವೀಂದ್ರ ಕಣ್ಣೊರೆಸಿಕೊಂಡು, "ಈ ಪದ ಎಲ್ಲಿ ಸಿಕ್ತು ತಂಗಿ?" ಎಂದು ಕೇಳಿದಾಗ, "ತವರುಮನೆ ಅಜ್ಜಿ ಹೇಳ್ತಿತ್ತು" ಎಂದುಬಿಟ್ಟಳು. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

ನನ್ನ ಪಾಡನ್ನೂ ಮರೆಮಾಚಲಾರೆ. ಮುಂದಿನ ವಾರ ನಾನು ಆ ಪದದ ಮೇಲೆಯೇ ಮಾತನಾಡಿದೆ. ನದಿ ಕಡಲನ್ನು ಕೂಡುವ ಅಳಿವೆಯೆಂದರೆ ಜೀವನು ದೇಹವನ್ನು ಬಿಡುವ ಬಾಗಿಲು, ದೋಣಿಯೆಂದರೆ ಮನಸ್ಸು, ಉಬ್ಬರವೆಂದರೆ ಗುರುಕೃಪೆ ಎಂದು ಮೂರು ಬಗೆಯಾಗಿ ವಿವರಿಸಿದೆ. ಎಲ್ಲರೂ ತಲೆದೂಗಿದರು. ಸುಚಿತಾ ಮಾತ್ರ ಚಾಪೆಯ ಕಡ್ಡಿಗಳನ್ನು ಕೀಳುತ್ತ ಕುಳಿತಿದ್ದಳು.

ಅವಳು ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು; ಪದ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕುಮಟಾದ ಮಹಿಳಾ ಮಂಡಳಿಗಳು ಹಾಡಿದವು. ಭಟ್ಕಳದಲ್ಲಿ ಒಂದು ಮದುವೆ ಮನೆಯಲ್ಲಿ ಧ್ವನಿವರ್ಧಕದಿಂದ ಅದೇ ಕೇಳಿಬಂತು. ಎಲ್ಲೆಡೆಯೂ ಅದು ದಾಸರ ಪದ. ನಮ್ಮ ಮಂಡಳಿಗೆ ಇಪ್ಪತ್ತೈದು ತುಂಬುವ ವರ್ಷ ಅಚ್ಚಾಗಲಿದ್ದ ಭಜನೆ ಪುಸ್ತಕಕ್ಕೆ ರವೀಂದ್ರ ಅದನ್ನೇ ಮೊದಲ ಪದವಾಗಿ ಆರಿಸಿದ. ಅಷ್ಟರಲ್ಲಿ ಸುಚಿತಾಳ ಕ್ಯಾಲೆಂಡರ್ ಹಾಳೆಗಳಲ್ಲಿ ಇನ್ನೂ ಮೂವತ್ತು ಪದಗಳು ಸೇರಿದ್ದವು; ಅವುಗಳಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ.

ಕುಮಟಾದಲ್ಲಿ ಪೂರ್ಣಿಮಾ ಎಂಬ ಹುಡುಗಿ ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಹತ್ತಿಯ ಹಾಸಿಗೆ ತೂಗುಹಾಕಿ ಹಾಡುಗಳನ್ನು ಧ್ವನಿಮುದ್ರಿಸಿಕೊಡುತ್ತಾಳೆ. ಭಟ್ಕಳದ ಆ ಮದುವೆಯಲ್ಲಿ ಪದವನ್ನು ಕೇಳಿದವಳೇ, ಹಾಡಿದವರನ್ನು ಹುಡುಕಿ ಸುಚಿತಾಳನ್ನು ಕರೆಸಿಕೊಂಡಳು. ಹಾಡಿ ಮುಗಿಯಿತು. ಪೂರ್ಣಿಮಾ ಪೆನ್ನು ಹಿಡಿದು ಕುಳಿತಳು.

"ಅಕ್ಕಾ, ನೆಟ್ಟಲ್ಲಿ ಹಾಡು ಹಾಕುವಾಗ ರಚನೆ ಯಾರದ್ದು ಹೇಳಿ ಬರೀಬೇಕು. ದಾಸರದ್ದು ಹೇಳಿ ಬರ್ಯುದಾ?"

"ಬೇಡ."

"ಮತ್ತೆ ಯಾರದ್ದು?"

"ಮುಂದಿನ ವಾರ ಬಂದು ಹೇಳ್ತೆ. ಅಲ್ಲಿವರೆಗೆ ಹಾಕ್ಬೇಡ."

ಮರುದಿನ ಅವಳು ನನ್ನಲ್ಲಿಗೆ ಬಂದು ಎಲ್ಲವನ್ನೂ ಹೇಳಿದಳು. ನನಗೆ ಮೊದಲು ನೆನಪಾದದ್ದು ನನ್ನ ಮೂರು ಬಗೆಯ ವಿವರಣೆ. ನಾಚಿಕೆಯಿಂದ ಬುದ್ಧಿ ಮಂಕಾಯಿತು. "ಪುಸ್ತಕ ಅಚ್ಚಿಗೆ ಹೋಗ್ತಾ ಇದೆ, ಪದ ದೇವರಿಗೆ ಮುಟ್ಟಿಯಾಯ್ತು, ಇನ್ನು ಸುಮ್ಮನಿರು ಮಗಾ" ಎಂದೆ. ಸತ್ಯದ ವಿಷಯವಾಗಿ ಅಷ್ಟು ವರ್ಷ ಮಾತನಾಡಿದ ಬಾಯಿ ಇದು.

ಅವಳು ಹೇಳಿದಳು: "ಮಾಸ್ತರ್ರೆ, ಇದು ದಾಸರದ್ದು ಅಂದ್ರೆ ಉಳ್ದ ಮೂವತ್ತು ಯಾರದ್ದು ಹೇಳ್ಲಿ? ಎಲ್ಲಾದಕ್ಕೂ ಅವ್ರ ಹೆಸರೇ ಹಾಕ್ಲಾ? ಹೇಳಿದ್ರೆ ನಂಗೆ ಮಂಡಳಿ ತಪ್ಪಿಹೋಗ್ತದೆ, ಗೊತ್ತು. ಹೇಳದಿದ್ರೆ ನಂಗೆ ಹಾಡುಕೇ ಆಗುದಿಲ್ಲ."

"ಅಳಿವೆ ಅಂದದ್ದು ಎಂತಕ್ಕೆ?" ಎಂದಷ್ಟೇ ಕೇಳಿದೆ.

"ಎಂತದೂ ಇಲ್ಲ. ಪದ ಕಟ್ಟಿದ ವರ್ಷ ಇವ್ರ ಬೋಟು ಅಳಿವೆ ಮರಳಲ್ಲಿ ಮೂರು ತಾಸು ಸಿಕ್ಕಾಕಂಡಿತ್ತು. ನಾ ದಡದಲ್ಲಿ ನಿಂತಿದ್ದೆ."

ಆ ಶನಿವಾರ ಮೊದಲ ಪದ ಮುಗಿದೊಡನೆ ಅವಳು ಎದ್ದು ನಿಂತು ದೇವರ ಪಟಕ್ಕೆ ಕೈಮುಗಿದು ಹೇಳಿಬಿಟ್ಟಳು. "ಅಳಿವೆ ಪದ ನಾ ಕಟ್ಟಿದ್ದು. ಅಜ್ಜಿ ಹೇಳಿದ್ದಲ್ಲ. ಅಂಕಿತ ಹಾಕಿದ್ದು ನಂದು ತಪ್ಪು."

ತಾಳಗಳು ಕೆಳಗಿಳಿದವು. ರವೀಂದ್ರನ ಮುಖ ಬಿಳಿಚಿತು. "ದಾಸರ ಹೆಸರಲ್ಲಿ ಸುಳ್ಳು ಹೇಳ್ದೆಯಾ ತಂಗಿ? ದೇವರ ಎದುರಿಗೆ?"

ಹಿಂದಿನ ಸಾಲಿನಿಂದ ಮಂಜಿ ಎದ್ದಳು. "ಹೌದನಾ ತಮಾ, ದಾಸರದ್ದು ಅಂದಾಗ ಕಣ್ಣೀರು ಬಂತು, ನಮ್ಮನೆ ಸೊಸೆದು ಅಂದ್ರೆ ಕಣ್ಣೇ ಕೆಂಪಾತಾ? ದಾಸರು ಯಾವಾಗ ನಮ್ಮ ಅಳಿವೆಗೆ ದೋಣಿ ತಂದಿದ್ರು? ಇಷ್ಟು ದಿನ ಯಾರಾದ್ರೂ ಕೇಳಿದ್ರಾ?"

ಯಾರೋ ಕಿಸಕ್ಕೆಂದರು. ಸುಚಿತಾ ಮಾತ್ರ, "ಅತ್ತೆ, ಬೇಡ. ಅವ್ರು ಹೇಳುದು ಸರಿ" ಎಂದಳು.

ನಾನೂ ಎದ್ದು, ನನ್ನ ವಿವರಣೆ ತಪ್ಪೆಂದೂ, ಸುಮ್ಮನಿರೆಂದು ಅವಳಿಗೆ ನಾನೇ ಹೇಳಿದ್ದೆನೆಂದೂ ಒಪ್ಪಿಕೊಂಡೆ. ಕೊನೆಗೆ ರವೀಂದ್ರ, ಪುಸ್ತಕದಿಂದ ಪದವನ್ನು ತೆಗೆಯುವುದೆಂದೂ, ಮಂಡಳಿಯಲ್ಲಿ ಅದನ್ನು ಇನ್ನು ಹಾಡುವುದಿಲ್ಲವೆಂದೂ ಹೇಳಿದ. "ನೀ ಮಾತ್ರ ಇಲ್ಲಿಗೆ ಬರುದು ಬಿಡ್ಬೇಡ" ಎಂದು ಮೆಲ್ಲನೆ ಸೇರಿಸಿದ. ಅವಳು ಬಿಟ್ಟಿಲ್ಲ. ಇಂದಿಗೂ ಶನಿವಾರ ಬಂದು ದಾಸರ ಪದಗಳಿಗೆ ದನಿಗೂಡಿಸುತ್ತಾಳೆ. ಅವಳ ಪದ ಅಲ್ಲಿ ಇಂದಿಗೂ ನಡೆಯುವುದಿಲ್ಲ. ರವೀಂದ್ರ ನಿಯಮವನ್ನು ಸಡಿಲಿಸಿಲ್ಲ, ಅವಳೂ ಕೇಳಿಲ್ಲ.

ಕುಮಟಾದಲ್ಲಿ ಪದವನ್ನು ಮತ್ತೆ ಧ್ವನಿಮುದ್ರಿಸಬೇಕಾಯಿತು. ಅಂಕಿತವನ್ನು ತೆಗೆದರೆ ಕೊನೆಯ ಸಾಲು ಬರಿದಾಗುತ್ತಿತ್ತು. "ಅಲ್ಲಿ ನಿಮ್ಮ ಹೆಸರೇ ಹಾಕಿ ಅಕ್ಕಾ" ಎಂದಳು ಪೂರ್ಣಿಮಾ. "ಛೆ, ದಾಸರ ಜಾಗದಲ್ಲಿ ನಾ ಕೂತ್ಕಳುದಾ? ಬೇರೆ ಸಾಲು ಕಟ್ತೆ" ಎಂದು ಸುಚಿತಾ ಅಂಗಳಕ್ಕೆ ಇಳಿದು ಅರ್ಧ ತಾಸು ತಿರುಗಾಡಿ ಬಂದಳು. "ದಡದಲ್ಲಿ ನಿಂತವರ ಕಡೆಗೂ ಒಮ್ಮೆ ನೋಡು" ಎಂಬ ಸಾಲು ಆಗ ಬಂತು. ರಚನೆ, ರಾಗ, ಗಾಯನ ಎಂಬ ಮೂರು ಕಡೆಯೂ ಪೂರ್ಣಿಮಾ ಒಂದೇ ಹೆಸರು ಬರೆದಳು.

ದಾಸರ ಪದವೆಂದು ನಂಬಿದ್ದ ಕೆಲವರು ಅದನ್ನು ಹಾಡುವುದನ್ನೇ ನಿಲ್ಲಿಸಿದರು. ಇನ್ನು ಕೆಲವರು ಅವಳನ್ನೇ ಹಾಡಲು ಕರೆದರು: ಗೇರುಸೊಪ್ಪದ ಒಂದು ಮನೆಯ ಪೂಜೆಗೆ, ಕತಗಾಲದ ಸ್ವಸಹಾಯ ಸಂಘದ ಸಭೆಗೆ. ಕಳೆದ ತಿಂಗಳು ಮಿರ್ಜಾನಿನ ಶಾಲೆಯ ಅಂಗಳದಲ್ಲಿ ಹಾಡುವಾಗ ನಾನೂ ಜೊತೆಗಿದ್ದೆ. ಅಳಿವೆಯ ಪದ ಮುಗಿದಾಗ ಮುಂದಿನ ಬೆಂಚಿನಲ್ಲಿದ್ದ ಕಮಲಿ ಎಂಬ ಮುದುಕಿ ಕಿವಿಗೆ ಕೈಯೊಡ್ಡಿ ಕೇಳಿದಳು:

"ಯಾವ ದಾಸರ ಪದ ಮಗಾ ಇದು?"

ಸುಚಿತಾ ಮುದುಕಿಯ ಕಿವಿಯ ಬಳಿ ಬಗ್ಗಿದಳು.

"ದಾಸರದ್ದಲ್ಲ ಅಜ್ಜಿ. ನಂದು."

"ನಿಂದೇ ಆದ್ರೆ ಇನ್ನೊಂದು ಹೇಳು, ನೋಡ್ವಾ" ಎಂದಳು ಮುದುಕಿ.

ಸುಚಿತಾ ಸೆರಗು ಸರಿಪಡಿಸಿಕೊಂಡು, ಅದುವರೆಗೆ ನಾವ್ಯಾರೂ ಕೇಳದಿದ್ದ ಪದವೊಂದನ್ನು ಎತ್ತಿಕೊಂಡಳು.