ಹುಲಿಗೆವ್ವನ ರೊಟ್ಟಿ ಗಂಟು

ಹುಲಿಗೆವ್ವ ಕಲ್ಲೆದೆಯವಳಂತೆ! ಪುಣೆಯ ಕೋಥರೂಡದಲ್ಲಿ ಅವಳಿದ್ದ ಚಾಳಿನಲ್ಲಿ, ಆ ಸಾಲುಮನೆಗಳಲ್ಲಿ, ಇಂದಿಗೂ ಹೀಗೆ ಹೇಳುವವರಿದ್ದಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಅವತ್ತು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಇರಲೇ ಇಲ್ಲ. ನಾನಿದ್ದೆ. ನಾನು ಸ್ವರ್ಣಲತಾ, ಧಾರವಾಡದವಳು. ಪುಣೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಥಿಯೇಟರ್ ನರ್ಸ್ ಆಗಿದ್ದೆ.

ಹುಲಿಗೆವ್ವ ಸುರಪುರದ ಕಡೆಯವಳು. ಎಪ್ಪತ್ತರ ದಶಕದ ಕೊನೆಗೆ, ಕೋಥರೂಡದಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದ್ದಾಗ, ಗಂಡ ತಾಯಪ್ಪನ ಜೊತೆ ಇಟ್ಟಿಗೆ ಹೊರಲು ಬಂದವಳು. ನಮ್ಮ ಆಸ್ಪತ್ರೆಯ ಹಿಂದೆ ಹಂದಿಗಳಿಗೆಂದು ಕೊಟ್ಟಿಗೆ ಕಟ್ಟಿದರು. ಅದಕ್ಕೂ ಅವಳೇ ಇಟ್ಟಿಗೆ ಹೊತ್ತಳು. ಕಟ್ಟಿದ್ದೇನೋ ಆಯಿತು, ಹಂದಿ ನೋಡಿಕೊಳ್ಳಲು ಮಾತ್ರ ಯಾರೂ ಸಿಗಲಿಲ್ಲ. ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹಂದಿ ಅಂದ್ರ ಜೀವ ಅಲ್ಲೇನ್ರಿ? ನಾ ನೋಡ್ಕೋತೀನಿ" ಎಂದು ಒಳಗೆ ನಡೆದಳು.

ಆಪರೇಷನ್ ಕಲಿಕೆಗೆ ಹಂದಿಯೇ ಯಾಕೆಂದರೆ, ಅದರ ಹೊಟ್ಟೆಯೊಳಗಿನ ಕಟ್ಟು ಮನುಷ್ಯನದಕ್ಕೆ ಹತ್ತಿರ. ನಮ್ಮ ಸರ್ಜನ್ ಅಪ್ಪಾಸಾಹೇಬರು ಹಂದಿಗೆ ಮತ್ತಿನ ಮದ್ದು ಕೊಟ್ಟು, ಅದರ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಕೊಯ್ದು ತೆಗೆದು ಹೊಲಿಯುತ್ತಿದ್ದರು. ಕೆಲವು ವಾರ ಬಿಟ್ಟು ಮತ್ತೆ ತೆರೆದು, ಎಷ್ಟು ಬೆಳೆದಿದೆ ಎಂದು ನೋಡುತ್ತಿದ್ದರು. ಕೊಯ್ದದ್ದು ಮತ್ತೆ ಬೆಳೆಯುತ್ತದೆ ಎಂದು ನಾನು ಕನ್ನಡದಲ್ಲಿ ಹೇಳಿದಾಗ ಹುಲಿಗೆವ್ವ ನಕ್ಕುಬಿಟ್ಟಳು. "ಕೂದಲಾ ಉಗರಾ ಬೆಳೀತಾವ್ರಿ ಅಕ್ಕಾರ, ಒಳಗಿನ ಮಾಂಸ ಬೆಳೀತದೇನು? ಚ್ಯಾಷ್ಟಿ ಮಾಡ್ಬ್ಯಾಡ್ರಿ." ಒಂದು ದಿನ ಅಪ್ಪಾಸಾಹೇಬರು ಅವಳನ್ನೇ ಒಳಗೆ ಕರೆದು ತೋರಿಸಿದರು. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡು, "ಅಯ್ ಶಿವನ! ಖರೇನ ಬಂದದಲ್ರಿ!" ಎಂದಳು.

ಅವಳಿಗೆ ಒಗ್ಗದ ನಿಯಮ ಒಂದೇ. ಆಪರೇಷನ್ನಿನ ಹಿಂದಿನ ಸಂಜೆಯಿಂದ ಹಂದಿಗೆ ಏನೂ ಹಾಕಬಾರದು. ಹಾಸಿದ ಹುಲ್ಲನ್ನೂ ತೆಗೆಯಬೇಕು, ಇಲ್ಲದಿದ್ದರೆ ಅದನ್ನೇ ತಿನ್ನುತ್ತದೆ. "ನಮ್ಮ ಮನ್ಯಾಗ ಯಾರನ್ನೂ ಹಸದ ಹೊಟ್ಟೀಲೆ ಹೊರಗ ಕಳಿಸಂಗಿಲ್ರಿ. ದನಾ ಮಾರಿದ್ರೂ ಒಂದ್ ತುತ್ತ ತಿನ್ನಿಸೇ ಹಗ್ಗ ಕೊಡ್ತೀವಿ" ಎಂದು ಗೊಣಗುತ್ತಿದ್ದಳು. ಒಂದು ಬೆಳಿಗ್ಗೆ, ಅವತ್ತು ಆಪರೇಷನ್ನಿಗಿದ್ದ ಒಂದು ಮರಿ ಅವಳ ಸೀರೆ ಜಗ್ಗಿ ಜಗ್ಗಿ ಕೂಗಿತು. ಕರುಳು ಕೇಳಲಿಲ್ಲ, ತನ್ನ ಗಂಟಿನಿಂದ ಒಂದು ರೊಟ್ಟಿ ತೆಗೆದು ಕೊಟ್ಟಳು. ಮತ್ತಿನ ಮದ್ದು ಏರಿದ ಕೂಡಲೇ ಆ ರೊಟ್ಟಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಿತು. ಚಾಕು ಮುಟ್ಟುವ ಮೊದಲೇ ಹಂದಿ ಸತ್ತಿತು.

ಯಾರೂ ಕೇಳುವ ಮೊದಲೇ ಹುಲಿಗೆವ್ವ, "ನಾನ ಹಾಕೀನ್ರಿ" ಎಂದಳು. ಅಪ್ಪಾಸಾಹೇಬರು ಬೈಯಲಿಲ್ಲ. ಹೊಟ್ಟೆಯದು ಹೇಗೆ ಉಸಿರಿನ ದಾರಿಗೆ ಬಿತ್ತೆಂದು ಕೊಯ್ದು ತೋರಿಸಿದರು. ಬೈದಿದ್ದರೆ ಮರೆಯುತ್ತಿದ್ದಳೇನೋ. ಅವಳು ಮರೆಯಲಿಲ್ಲ.

ಎಂಬತ್ಮೂರರ ಬೇಸಿಗೆಯಲ್ಲಿ ಹುಲಿಗೆವ್ವ ಮಗಳು ಅಂಬಾಳಿಗೆ ನೀರು ಎರೆಯುತ್ತಿದ್ದಾಗ ಬಲ ಪಕ್ಕೆಯ ಕೆಳಗೆ ಗಟ್ಟಿ ಗಡ್ಡೆ ಕೈಗೆ ಸಿಕ್ಕಿತು. ಅಂಬಾ ಆಗ ಮರಾಠಿ ಶಾಲೆಯ ಎರಡನೆಯ ತರಗತಿಯಲ್ಲಿದ್ದಳು. ವಟವಟ ಮಾತಿನ ಹುಡುಗಿ, ತಿನ್ನುವುದರಲ್ಲೂ ಗಟ್ಟಿ. ಗಡ್ಡೆ ಯಕೃತ್ತಿನಲ್ಲಿತ್ತು. ಆ ಭಾಗ ತೆಗೆಯದಿದ್ದರೆ ಮಗು ಉಳಿಯುವುದಿಲ್ಲ, ತೆಗೆದರೂ ಭರವಸೆ ಕೊಡಲಾರೆ ಎಂದರು ಅಪ್ಪಾಸಾಹೇಬರು. ತಾಯಪ್ಪ ಗೋಡೆ ಹಿಡಿದು ಕುಳಿತುಬಿಟ್ಟ. ಹುಲಿಗೆವ್ವ ಮಾತ್ರ, "ಹಂದೀದು ಬೆಳೀತದ, ನನ್ನ ಮಗಳದು ಬೆಳ್ಯಾಂಗಿಲ್ಲೇನ್ರಿ? ಕೊಯ್ರಿ" ಎಂದಳು. ಆ ಕಣ್ಣುಗಳಲ್ಲಿದ್ದ ನಂಬಿಕೆ ನೋಡಿ ನನಗೆ ಭಯವಾಯಿತು.

ಆಪರೇಷನ್ನಿನ ದಿನ ಮೊದಲಿನ ಕೇಸು ಮುಗಿಯಲೇ ಇಲ್ಲ. ಬೆಳಿಗ್ಗೆ ಒಳಗೆ ಹೋಗಬೇಕಾದ ಅಂಬಾ ಮಧ್ಯಾಹ್ನವಾದರೂ ಹೊರಗೇ ಇದ್ದಳು. "ಅವ್ವಾ, ಹೊಟ್ಟಿ ಹಸ್ತದ. ಒಂದ್ ಚೂರ ಕೊಡಬೇ" ಎಂದು ಶುರುಮಾಡಿದಳು. ಅಷ್ಟರಲ್ಲಿ ಹುಲಿಗೆವ್ವನ ಅತ್ತೆ ಯಮನವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ಸುಮ್ಮನೆ ಬಂದಳೇ? ಆಸ್ಪತ್ರೆಯೆಲ್ಲ ಕೇಳುವಂತೆ ಕೂಗಾಡಿದಳು. "ಕೂಸಿನ ಹಸದ ಹೊಟ್ಟೀಲೆ ಕಳಸ್ತೀಯೇನ? ನಮ್ಮ ಮನ್ಯಾಗ ಹಿಂಗ ಎಂದಾರ ಆಗ್ಯದೇನ?" ಎಂದು ಗಂಟು ಬಿಚ್ಚಿ ತುತ್ತು ಮುರಿದಳು. ಅಂಬಾ ಬಾಯಿ ತೆರೆದಿದ್ದಳು. ಹುಲಿಗೆವ್ವ ಆ ತುತ್ತನ್ನು ಕೈಯಿಂದ ಬಡಿದು ಬೀಳಿಸಿ, ಗಂಟು ಕಿತ್ತುಕೊಂಡು ನನ್ನ ಕೈಗೆ ತುರುಕಿದಳು. "ನಿಮ್ ಕಡೆ ಇಟ್ಕೋರಿ ಅಕ್ಕಾರ. ನನ್ನ ಕಡೆ ಇದ್ರ ನಾನ ತಿನ್ನಿಸಿಬಿಡ್ತೀನಿ" ಎಂದಳು.

ಆಮೇಲೆ ಮಗಳ ಗಲ್ಲ ಹಿಡಿದು, "ಎದ್ದ ಕೂಡ್ಲೇ ನಾನ ತಿನ್ನಿಸ್ತೀನವ್ವಾ, ನಿನ್ನಾಣಿ" ಎಂದಳು. ಅಂಬಾ ಹಸಿವಿನಿಂದ ಅಳುತ್ತಲೇ ಒಳಗೆ ಹೋದಳು. ಚಾಳಿನ ಬಾಯಲ್ಲಿ ಇವತ್ತಿಗೂ ಉಳಿದದ್ದು ಇಷ್ಟೇ: ತಾಯಿ ತುತ್ತು ಬಡಿದು ಬೀಳಿಸಿದಳು.

ಗಡ್ಡೆ ದೊಡ್ಡ ರಕ್ತನಾಳವನ್ನು ಅಪ್ಪಿಕೊಂಡಿತ್ತು. ಎಷ್ಟು ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಅಪ್ಪಾಸಾಹೇಬರು ಚಾಕು ಕೆಳಗಿಟ್ಟು ಮುಖ ತಿರುಗಿಸಿದರು. ಬಾಗಿಲು ತೆರೆದು ಹೊರಗೆ ಬಂದೆ. ಹುಲಿಗೆವ್ವ ನನ್ನ ಮುಖವನ್ನೂ ನೋಡಲಿಲ್ಲ, ಎರಡೂ ಕೈ ಒಡ್ಡಿ ನಿಂತಳು.

"ಗಂಟ ಕೊಡ್ರಿ ಅಕ್ಕಾರ. ಎದ್ದಾಳಲ್ಲಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

ನೀನು ಮಾಡಿದ್ದು ಸರಿ, ಉಣ್ಣಿಸಿದ್ದರೆ ಮತ್ತಿನಲ್ಲೇ ಹೋಗಬಹುದಿತ್ತು ಎಂದು ಅಪ್ಪಾಸಾಹೇಬರು ಮರಾಠಿಯಲ್ಲಿ ಎಷ್ಟೋ ಹೇಳಿದರು. ಅವರ ಕಣ್ಣುಗಳೂ ತುಂಬಿದ್ದವು. ಹುಲಿಗೆವ್ವ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಸರೀನ ಅದ್ರಿ. ನನಗ ಗೊತ್ತದ. ಆದ್ರ ನನ್ನ ಕೂಸು ಹಸಕೊಂಡ ಹೋತಲ್ರಿ." ಆಮೇಲೆ ನೆಲಕ್ಕೆ ಕುಸಿದು ಅತ್ತಳು. ಅಂಥ ಅಳುವನ್ನು ನಾನು ಮತ್ತೆಂದೂ ಕೇಳಿಲ್ಲ, ಕೇಳುವುದೂ ಬೇಡ.

ಕೂಸನ್ನು ಹಂದಿಯ ಹಾಗೆ ಉಪವಾಸ ಕೆಡವಿದಳೆಂದು ಯಮನವ್ವ ಚಾಳಿನ ತುಂಬ ಹೇಳಿಕೊಂಡು ತಿರುಗಿದಳು. ಮೊಮ್ಮಗಳನ್ನು ಕಳೆದುಕೊಂಡ ಮುದುಕಿ, ಅವಳಿಗೆ ನಾನೇನು ಹೇಳಲಿ? ಉಳಿದವರು ಅದನ್ನೇ ಹಾಡಿದ್ದಕ್ಕೆ ಮಾತ್ರ ನನಗೆ ಕ್ಷಮೆಯಿಲ್ಲ. ಮೂರನೆಯ ದಿನ ಹುಲಿಗೆವ್ವ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಗಳನ್ನು ಹೂತ ಮಣ್ಣಿನ ಮೇಲೆ ಎಡೆ ಇಟ್ಟು ಬಂದಳು. ಆಮೇಲೆ ಕೆಲಸಕ್ಕೂ ಬಂದಳು. ಬರುವುದಿಲ್ಲ ಎಂದುಕೊಂಡಿದ್ದ ನಾನು ಕೊಟ್ಟಿಗೆಯಲ್ಲಿ ಅವಳನ್ನು ನೋಡಿ ಅಲ್ಲೇ ನಿಂತೆ. ಆಪರೇಷನ್ನಿಗಿದ್ದ ಹಂದಿಯ ಹುಲ್ಲು ತೆಗೆದಿದ್ದಳು, ನೀರಿನ ಬೋಗುಣಿಯನ್ನೂ ತೆಗೆದಿದ್ದಳು. ನಾನು ಚಹಾ ಕೊಟ್ಟೆ. "ಒಲ್ಲೆರಿ" ಎಂದಳು. ಹಿಂದಿನ ಸಂಜೆಯಿಂದ ಅವಳೂ ಏನೂ ತಿಂದಿರಲಿಲ್ಲ.

ಕೊಟ್ಟಿಗೆ ಮುಚ್ಚುವವರೆಗೂ ಹಾಗೆಯೇ ನಡೆಯಿತು. ಹಂದಿಗೆ ಉಪವಾಸವಿದ್ದ ದಿನ ಅವಳಿಗೂ ಉಪವಾಸ. ಆಪರೇಷನ್ ಮುಗಿದು, ಹಂದಿ ಎದ್ದು ಬಾಯಾಡಿಸಿದ ಮೇಲೆಯೇ ಅವಳು ತನ್ನ ರೊಟ್ಟಿ ಗಂಟು ಬಿಚ್ಚುತ್ತಿದ್ದಳು. ಹಂದಿ ಏಳದ ದಿನ ಗಂಟು ಹಾಗೆಯೇ ಮನೆಗೆ ಹೋಗುತ್ತಿತ್ತು.