ಮಲ್ಲೇಶ ಹಾಕಿದ ಕ್ಲಚ್ಚು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಸರೋಜ ಬಾಗಿಲ ಮುಂದಿನ ನಾರಿನ ಮ್ಯಾಟನ್ನು ಅಂಗಳದ ಕಲ್ಲಿಗೆ ಬಡಿದು ಕೊಡವುತ್ತಿದ್ದಳು. ದೂಳೆದ್ದು ನನಗೆ ಒಂದರ ಹಿಂದೆ ಒಂದು ನಾಲ್ಕು ಸೀನು ಬಂದವು. "ನಿಮಗೆ ಇದನ್ನ ಕಂಡ್ರೇ ಆಗಲ್ಲ ಬಿಡಿ" ಎಂದು ನಕ್ಕಳು. ಆಗದಿರುವುದಕ್ಕೆ ಕಾರಣವಿದೆ. ಪೇಪರು ಮಡಿಸಿಟ್ಟು ಸ್ವಲ್ಪ ಹೊತ್ತು ನನ್ನ ಜೊತೆ ಕೂರುವುದಾದರೆ ಹೇಳುತ್ತೇನೆ. ನನ್ನ ಮಾನ ಹೋದ ಕಥೆಯಾದ್ದರಿಂದ ನಿಮಗೆ ಬೇಜಾರಂತೂ ಆಗುವುದಿಲ್ಲ.

ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಆದರೆ ನಮ್ಮ ಮಾದಿಹಳ್ಳಿಯ ಸುತ್ತಮುತ್ತ ಎಲ್ಲರೂ ನನ್ನನ್ನು 'ಡಾಕ್ಟ್ರೇ' ಎಂದೇ ಕರೆಯುತ್ತಾರೆ. ಮೊದಲ ವರ್ಷ ತಿದ್ದುತ್ತಿದ್ದೆ. ಎರಡನೆಯ ವರ್ಷ ಸುಮ್ಮನಾದೆ. ಮೂರನೆಯ ವರ್ಷದಿಂದ ಯಾರಾದರೂ ಹಾಗೆ ಕರೆಯದೆ ಹೋದರೆ ಒಳಗೊಳಗೇ ಬೇಸರವಾಗತೊಡಗಿತು. ಈಗ ನಿವೃತ್ತಿಯಾದರೂ ಹಸುವಿನ ಫೋನುಗಳು ನಿಂತಿಲ್ಲ.

ಡಾಕ್ಟ್ರು ಎನಿಸಿಕೊಂಡ ಮೇಲೆ ನನ್ನದೇ ಆದ ಒಂದು ಮಾತೂ ಇರಬೇಕಲ್ಲ! "ಹಸು ನೋಡೋದಕ್ಕೆ ಮೊದಲು ಕೊಟ್ಟಿಗೆ ನೋಡ್ಬೇಕು ಕಣ್ರಪ್ಪಾ" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. ಸುಳ್ಳೇನಲ್ಲ. ಮೈ ತೊಳೆದು, ಹೊಸ ಹಗ್ಗ ಹಾಕಿ ಆಸ್ಪತ್ರೆಗೆ ಹೊಡೆದುಕೊಂಡು ಬಂದ ಹಸು ಗೇಟು ಕಂಡೊಡನೆ ಕುಂಟುವುದನ್ನೇ ಮರೆತುಬಿಡುತ್ತದೆ. ಹಳೇಬೀಡಿನಲ್ಲಿ ಒಂದು ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ಮಲ್ಲೇಶನ ಹಸು ಮೇವು ಬಿಟ್ಟಾಗಲೂ ನಾನು ನೇರವಾಗಿ ಅವನ ಕೊಟ್ಟಿಗೆಗೇ ಹೋಗಿದ್ದೆ. ನೋಡಿದರೆ ಈ ಪುಣ್ಯಾತ್ಮ ಸಂಜೆ ಮನೆಗೆ ಬಂದವನೇ ಗ್ರೀಸಿನ ಕೈಯನ್ನು ಗೋದಲಿಯ ಹುಲ್ಲಿಗೆ ಒರೆಸುತ್ತಿದ್ದ! ಅವನ ಹೆಂಡತಿಯ ಎದುರಿಗೇ ಬೈದೆ. ಸಾಲದು ಎಂದು ಟೀ ಅಂಗಡಿಯಲ್ಲೂ ಬಣ್ಣ ಕಟ್ಟಿ ಹೇಳಿ ಎಲ್ಲರನ್ನೂ ನಗಿಸಿದೆ. ಮಲ್ಲೇಶ ತಾನೂ ನಕ್ಕ. ಅವನ ಸ್ವಭಾವವೇ ಹಾಗೆ.

ಇನ್ನು ನನ್ನ ಕಾರಿನ ವಿಷಯ. ಬೇಲೂರಿನ ಕಡೆ ಹೋಗುವಾಗ ಸ್ವಲ್ಪ ಏರು ಸಿಕ್ಕರೂ ಇಂಜಿನ್ನು ಕಿರುಚುತ್ತಿತ್ತು, ಕಾರು ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಸುಟ್ಟ ವಾಸನೆ ಬೇರೆ. ಮಲ್ಲೇಶ ಬಗ್ಗಿ ಮೂಸಿ, "ಕ್ಲಚ್ ಪ್ಲೇಟು ಸವೆದೋಗೈತೆ ಡಾಕ್ಟ್ರೇ, ಬದಲಾಯಿಸ್ಬೇಕು" ಎಂದ. ಎರಡು ದಿನದಲ್ಲಿ ಹೊಸದು ಹಾಕಿಕೊಟ್ಟು, ಹಳೆಯ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ. "ಮನೇಲಿ ಇಟ್ಕಳಿ. ಬದಲಾಯಿಸ್ಲೇ ಇಲ್ಲ ಅಂತ ನಾಳೆ ಯಾರೂ ಅನ್ನಬಾರ್ದು." ಒಂದು ವಾರ ಕಾರು ನನ್ನ ಯೌವನವನ್ನೇ ನೆನಪಿಸುವಂತೆ ಓಡಿತು.

ಆ ಹುಮ್ಮಸ್ಸಿನಲ್ಲೇ ಅರಸೀಕೆರೆಗೆ ಹೋಗಿಬಂದೆವು. ಅಲ್ಲಿ ಸರೋಜ ಕಾರಿಗೆಂದು ಹೆಬ್ಬೆರಳು ದಪ್ಪದ ತೆಂಗಿನ ನಾರಿನ ಮ್ಯಾಟು ಕೊಂಡಳು. "ಸಗಣಿ ಕಾಲಲ್ಲೇ ಹತ್ತುತ್ತೀರ. ಒಂದು ಮ್ಯಾಟಾದರೂ ಬೇಡ್ವಾ?" ಎಂಬುದು ಅವಳ ವಾದ. ಸೋಮವಾರ ಕಾರು ತೊಳೆದು, ಕುಂಕುಮ ಇಟ್ಟು, ನಾನು ಕಾಲಿಡುವಲ್ಲಿ ಮ್ಯಾಟು ಹಾಸಿದಳು. ಮಂಗಳವಾರ ರಿವರ್ಸ್ ಗೇರು ಹಾಕಹೋದರೆ ಕರ್ರ್ ಎಂದಿತು.

ನಿಮಗೆ ಆಗಲೇ ಅರ್ಥವಾಯಿತೇನೋ. ನನಗೆ ಅರ್ಥವಾಗಲು ಒಂದೂವರೆ ತಿಂಗಳು ಬೇಕಾಯಿತು.

ಯಾಕೆಂದರೆ ನಾನು ಗ್ಯಾರೇಜಿಗೆ ಹೊರಟಾಗಲೆಲ್ಲ ಸರೋಜ ಒಳಗಿನಿಂದ ಓಡಿಬರುತ್ತಿದ್ದಳು. "ತಡೀರಿ, ಮ್ಯಾಟ್ ತೆಗೀರಿ! ಗ್ರೀಸ್ ಮೆತ್ಕೊಂಡ್ರೆ ಹೋಗಲ್ಲ." ನಾನೂ ಒಳ್ಳೆಯ ಗಂಡನಾಗಿ ಮ್ಯಾಟು ತೆಗೆದು ಜಗಲಿಯ ಮೇಲಿಟ್ಟು ಹೊರಡುತ್ತಿದ್ದೆ. ಕಾರು ಹಳೇಬೀಡಿನವರೆಗೆ ಒಂದು ಸದ್ದೂ ಮಾಡುತ್ತಿರಲಿಲ್ಲ. ಮಲ್ಲೇಶ ಅದನ್ನು ಹಗರೆಯವರೆಗೆ ಓಡಿಸಿಕೊಂಡು ಬಂದು, "ಎಲ್ಲೈತೆ ಡಾಕ್ಟ್ರೇ ನಿಮ್ ಕರ್ರು? ಬೆಣ್ಣೆ ಇದ್ದಂಗೈತೆ" ಎನ್ನುತ್ತಿದ್ದ. ಆದರೂ ನನ್ನ ಸಮಾಧಾನಕ್ಕೆ ಕೇಬಲ್ ಬಿಗಿ ಮಾಡುತ್ತಿದ್ದ. ಮಾರನೆಯ ದಿನ ಮ್ಯಾಟು ಹಾಸಿದೊಡನೆ ಮತ್ತೆ ಕರ್ರ್. ಮೂರನೆಯ ಸಲ ಅವನು ಒಂದಿಡೀ ಭಾನುವಾರ ಕಾರಿನ ಕೆಳಗೆ ಮಲಗಿ, ಗೇರ್‌ಬಾಕ್ಸ್ ಇಳಿಸಿ, ಎಲ್ಲವನ್ನೂ ಬಿಚ್ಚಿ ನೋಡಿ ಮತ್ತೆ ಕೂರಿಸಿದ. "ಎಲ್ಲಾ ಸರಿಯಾಗೇ ಐತಲ್ಲಪ್ಪ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನಾನು ಸ್ಟೂಲಿನ ಮೇಲೆ ಕೂತು, "ಎಷ್ಟು ಸಲ ಆಪರೇಷನ್ ಮಾಡ್ತೀಯೋ?" ಎಂದು ಚುಚ್ಚುತ್ತಿದ್ದೆ.

ಅದೇ ವಾರ ಟೀ ಅಂಗಡಿಯಲ್ಲಿ ಹಗರೆಯ ನಂಜೇಗೌಡರು ಸಿಕ್ಕರು. ಅವರದು ಮೂರು ಹಾಲಿನ ವ್ಯಾನುಗಳು. "ಡಾಕ್ಟ್ರೇ, ಮಲ್ಲೇಶನ ಕೆಲ್ಸ ಹೆಂಗೆ? ಮೂರು ವ್ಯಾನೂ ಅವನಿಗೇ ಒಪ್ಪಿಸಾನ ಅಂತಿವ್ನಿ" ಎಂದರು. ಮಲ್ಲೇಶ ಆ ಕೆಲಸಕ್ಕಾಗಿ ವರ್ಷದಿಂದ ಕಾಯುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆದರೆ ಅಷ್ಟು ಜನ ನನ್ನ ಬಾಯನ್ನೇ ನೋಡುತ್ತಿರುವಾಗ ನಾಲಿಗೆ ಸುಮ್ಮನಿರಬೇಕಲ್ಲ. "ಕ್ಲಚ್ಚು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿ ಮಾಡ್ತಾನೆ. ನಿಮ್ಮ ವ್ಯಾನಿಗೆ ಕ್ಲಚ್ಚು ಬೇಡ ಅಂದ್ರೆ ಧಾರಾಳವಾಗಿ ಬಿಡಿ" ಎಂದೆ. ಅಂಗಡಿಯೇ ನಕ್ಕಿತು. ವ್ಯಾನುಗಳು ಅರಸೀಕೆರೆಯ ಗ್ಯಾರೇಜೊಂದಕ್ಕೆ ಹೋದವು.

ಹದಿನೈದು ದಿನವಾಗಿರಬೇಕು. ಒಂದು ಬೆಳಿಗ್ಗೆ ಮಲ್ಲೇಶ ಹೇಳದೆ ಕೇಳದೆ ಬಸ್ಸಿಳಿದು ನಮ್ಮ ಮನೆಯ ಮುಂದೆ ನಿಂತಿದ್ದ. "ಏನೋ ಇಷ್ಟು ದೂರ?" ಎಂದೆ.

"ನೀವೇ ಹೇಳ್ತಿದ್ರಲ್ಲ ಡಾಕ್ಟ್ರೇ, ಹಸ ನೋಡಾಕೆ ಮೊದ್ಲು ಕೊಟ್ಟಿಗೆ ನೋಡ್ಬೇಕು ಅಂತ. ನಿಮ್ ಕೊಟ್ಟಿಗೆ ನೋಡಾನ ಅಂತ ಬಂದೆ."

ಕಾರಿನ ಬಾಗಿಲು ತೆಗೆದು ಕೂತ. ಕ್ಲಚ್ಚು ತುಳಿದ. ಗೇರು ಕರ್ರ್ ಎಂದಿತು. ನನಗೆ ಗೆದ್ದಷ್ಟು ಸಂತೋಷವಾಯಿತು. ಅವನು ಬಗ್ಗಿ ಕಾಲ ಕೆಳಗೆ ನೋಡಿದ, ನೋಡುತ್ತಲೇ ಇದ್ದ. ಆಮೇಲೆ ಮ್ಯಾಟನ್ನು ಎಳೆದು ಜಗಲಿಗೆ ಹಾಕಿ, "ಈಗ ನೀವು ಕೂತ್ಕಳಿ" ಎಂದ. ಕೂತೆ. ಕ್ಲಚ್ಚು ಹಿಂದೆಂದೂ ಹೋಗದಷ್ಟು ಕೆಳಗೆ ಹೋಯಿತು. ರಿವರ್ಸ್ ಗೇರು ಸದ್ದಿಲ್ಲದೆ ಬಿತ್ತು.

"ದಪ್ಪ ಜಾಸ್ತಿ ಆಗೈತೆ. ಪೆಡಲ್ಲು ಪೂರ್ತಿ ಇಳಿಯಾಕೆ ಬಿಡ್ತಿರ್ಲಿಲ್ಲ" ಎಂದ ಮಲ್ಲೇಶ. "ಇದು ಒಂದಿನಾನೂ ಗ್ಯಾರೇಜಿಗೆ ಬಂದಿರ್ಲಿಲ್ವಲ್ಲ ಡಾಕ್ಟ್ರೇ?"

"ಗ್ರೀಸ್ ಆಗುತ್ತೆ ಅಂತ ನಾನೇ ತೆಗೆಸ್ತಿದ್ದೆ ಕಣಪ್ಪ" ಎಂದಳು ಸರೋಜ ಬಾಗಿಲಿನಿಂದ.

ಅವನು ನಗಬಹುದಿತ್ತು. ನಗಲಿಲ್ಲ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ತಲೆ ಎತ್ತದೆಯೇ, "ನಂಜೇಗೌಡ್ರಿಗೆ ಒಂದ್ ಮಾತು ಹೇಳ್ತೀರಾ ಡಾಕ್ಟ್ರೇ?" ಎಂದು ಕೇಳಿದ. ಟೀ ಅಂಗಡಿಯ ನನ್ನ ಮಾತು ಅವನಿಗೆ ಎಂದೋ ತಲುಪಿತ್ತು. ತಲುಪಿದ ಮೇಲೂ ಅವನು ನನ್ನ ಕಾರಿಗಾಗಿ ಬಸ್ಸು ಹತ್ತಿ ಬಂದಿದ್ದ. ನನಗೆ ಅವತ್ತು ಆದಷ್ಟು ನಾಚಿಕೆ ಜೀವಮಾನದಲ್ಲಿ ಎಂದೂ ಆಗಿರಲಿಲ್ಲ.

ಅದೇ ಟೀ ಅಂಗಡಿಗೆ ಹೋಗಿ, ಅದೇ ಬೆಂಚಿನ ಮೇಲೆ ಕೂತು, ಮ್ಯಾಟಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದೆ. ಈ ಸಲ ಜನ ಇನ್ನೂ ಜಾಸ್ತಿ ನಕ್ಕರು. ಯಾರೋ ಒಬ್ಬರು, ಹಸುಗಳಿಗೂ ಹೀಗೇ ಔಷಧಿ ಕೊಟ್ಟಿದ್ದೀರೇನೋ ಎಂದು ಕೇಳಿದರು. ನಂಜೇಗೌಡರು ಕಣ್ಣು ಒರೆಸಿಕೊಂಡು, "ಅರಸೀಕೆರೆಯೋನಿಗೆ ಮಾತು ಕೊಟ್ಟಾಯ್ತಲ್ಲ ಡಾಕ್ಟ್ರೇ. ಒಂದ್ ವ್ಯಾನ್ ಕಳಿಸ್ತೀನಿ, ನೋಡಾನ" ಎಂದರು. ಆ ಒಂದು ವ್ಯಾನು ಬಂದದ್ದು ಆರು ತಿಂಗಳ ಮೇಲೆ. ಮಿಕ್ಕ ಎರಡು ಇವತ್ತಿಗೂ ಬಂದಿಲ್ಲ. ಅವು ಮಲ್ಲೇಶನ ಗ್ಯಾರೇಜಿನ ಮುಂದೆಯೇ ಅರಸೀಕೆರೆಯ ಕಡೆ ಹೋಗುವುದನ್ನು ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಮ್ಯಾಟು ಅವತ್ತಿನಿಂದ ಬಾಗಿಲ ಮುಂದೆ ಬಿದ್ದಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಬೆಳಿಗ್ಗೆ ನಾಲ್ಕನೆಯ ಸೀನು ಮುಗಿಯುವಷ್ಟರಲ್ಲಿ ಫೋನು ಬಂತು. ಮಲ್ಲೇಶ. "ಮೊನ್ನೆ ನೀವು ಇಂಜೆಕ್ಷನ್ ಕೊಟ್ಟು ಹೋದಾಗ್ನಿಂದ ಹಸ ಮೇವೇ ಮುಟ್ಟಿಲ್ಲ ಡಾಕ್ಟ್ರೇ. ನಾನಂತೂ ಕೈ ಒರೆಸಿಲ್ಲ."

ನಾನು ಹಸುವಿಗೆ ಜ್ವರವಿದೆಯೇ ಎಂದು ಕೇಳಬೇಕಾದವನು, "ಯಾರಿಗಾದ್ರೂ ಹೇಳಿದೆಯೇನೋ?" ಎಂದು ಕೇಳಿಬಿಟ್ಟೆ.

"ನೀವು ಬಂದು ನೋಡೋಗಂಟ ಯಾರಿಗೂ ಹೇಳಾಕಿಲ್ಲ" ಎಂದ ಮಲ್ಲೇಶ. "ಡಾಕ್ಟ್ರು ಬತ್ತಾರೆ, ಕೊಟ್ಟಿಗೆ ಗುಡಿಸಿಡ್ತೀನಿ ಅಂತ ನಮ್ಮೋಳು ಪೊರಕೆ ತಗಂಡಿದ್ಲು. ನಾನೇ ಕಿತ್ತಿಟ್ಟೆ. ಎಲ್ಲಾ ಇದ್ದಂಗೇ ಐತೆ, ಬನ್ನಿ."