ಮಾವನವರನ್ನು ಕೂರಿಸಿದ ದಿನ

ಗ್ರೈಂಡರಿಗೆ ಉದ್ದು ಹಾಕಿ, ಅಂಚಿಗೆ ಅಂಟಿದ ಹಿಟ್ಟನ್ನು ಒಳಗೆ ತಳ್ಳುತ್ತಿದ್ದಾಗ ಫೋನು ಬಂತು. ಬೆಳಗಿನ ಎಂಟು ಗಂಟೆ. ಪೆರಂಬೂರಿನ ನಮ್ಮ ಮನೆಯಿಂದ ಎರಡು ಬೀದಿ ಆಚೆಗಿನ ಆಸ್ಪತ್ರೆಯಿಂದ ಯಜಮಾನರು ಮಾಡಿದ್ದರು.

"ಅಪ್ಪ ಹೋದ," ಎಂದರು. ಹಿಂದೆಯೇ, "ಕಲಾವಿದರ ಸಂಘದವ್ರಿಗೆ ಹೇಳೇನಿ," ಎಂದರು.

ಹೆಂಡತಿಗೆ ಮೊದಲು ಹೇಳಿದರೋ ಸಂಘಕ್ಕೆ ಮೊದಲು ಹೇಳಿದರೋ ಎಂದು ನಾನು ಕೇಳಲಿಲ್ಲ. ಉತ್ತರ ಗೊತ್ತಿತ್ತು.

ನನ್ನ ಮಾವನವರು ಕಪ್ಪು-ಬಿಳುಪು ಕಾಲದ ಕನ್ನಡ ಸಿನಿಮಾಗಳ ಪೋಷಕ ನಟರು. ಹೆಸರು ಹೇಳಿದರೆ ನಿಮಗೆ ಗೊತ್ತಾಗದು. ಮುಖ ತೋರಿಸಿದರೆ, "ಅಯ್ಯೋ, ಇವರಾ!" ಎನ್ನುತ್ತೀರಿ. ಆ "ಇವರಾ" ಎಂಬುದೇ ಅವರು ಜೀವಮಾನವಿಡೀ ದುಡಿದು ಗಳಿಸಿದ ಬಿರುದು. ಗದಗಿನ ಕಡೆಯ ನಾಟಕ ಕಂಪನಿಯಲ್ಲಿದ್ದವರು, ಕನ್ನಡದ ಚಿತ್ರಗಳೆಲ್ಲ ಕೋಡಂಬಾಕಂನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲಕ್ಕೆ ನಾಯಕನಾಗಲೆಂದು ಮದರಾಸಿಗೆ ಬಂದರು. ಅಲ್ಲಿದ್ದವರು ನಾಲ್ಕು ಮಾತು ಆಡಿಸಿ ನೋಡಿ, "ಬಾಯಲ್ಲಿ ಇನ್ನೂ ಗದಗ ಇದೆ, ಸದ್ಯಕ್ಕೆ ಅಪ್ಪನ ಪಾತ್ರ ಮಾಡಿ," ಎಂದರಂತೆ. ಇಪ್ಪತ್ತೆಂಟನೇ ವಯಸ್ಸಿಗೆ ತಲೆಗೆ ಬಿಳಿ ಬಳಿದುಕೊಂಡರು. ಪಾತ್ರಗಳು ಮುಗಿದು ತೊಳೆದುಕೊಳ್ಳುವ ಹೊತ್ತಿಗೆ ಕೂದಲು ತಾನೇ ಬೆಳ್ಳಗಾಗಿತ್ತು.

ನಾಯಕನ ಅಪ್ಪ, ನಾಯಕಿಯ ಅಪ್ಪ, ನ್ಯಾಯಾಧೀಶ, "ಇನ್ನು ನಮ್ಮ ಕೈಯಲ್ಲಿಲ್ಲ" ಎಂದು ಕನ್ನಡಕ ತೆಗೆಯುವ ಡಾಕ್ಟರು. ಆದರೆ ಹೆಚ್ಚಾಗಿ ಸಾಯುವುದೇ ಅವರ ಹೊಟ್ಟೆಪಾಡು. ನಾಯಕನಿಗೆ ಸಿಟ್ಟು ಬರಬೇಕಾದರೆ ಯಾರಾದರೂ ಸಾಯಬೇಕು, ಅದೂ ಮಧ್ಯಂತರದೊಳಗೆ. ನಮ್ಮ ಮಾವನವರು ಹೊತ್ತಿಗೆ ಸರಿಯಾಗಿ ಎದೆ ಹಿಡಿದುಕೊಂಡು ಚಾಪೆಯ ಮೇಲೆ ಮಲಗಿಬಿಡುತ್ತಿದ್ದರು. ಒಮ್ಮೆ ನಾಯಕಿ ಅವರ ಎದೆಯ ಮೇಲೆ ಬಿದ್ದು ಅಳುವ ದೃಶ್ಯ. ದೀಪ ಕೆಟ್ಟಿತೆಂದು ಎಲ್ಲರೂ ಊಟಕ್ಕೆ ಎದ್ದರು, ಇವರಿಗೆ ಹೇಳಲು ಮರೆತರು. ಹೆಣದ ಬಳಿ ಹೋಗಿ ಊಟಕ್ಕೆ ಏಳಿ ಎನ್ನುವ ರೂಢಿ ಯಾರಿಗಿರುತ್ತದೆ? ಇವರೂ ಕಣ್ಣು ಮುಚ್ಚಿಕೊಂಡೇ ಕಾದರಂತೆ. ಎಲೆ ಎತ್ತಿದ ಮೇಲೆ ಯಾರೋ ಒಬ್ಬರು ಮೊಸರನ್ನ ತಂದುಕೊಟ್ಟರು. ಆ ಮೊಸರನ್ನದ ಉಪಕಾರವನ್ನು ಮಾವನವರು ಕೊನೆಯವರೆಗೂ ನೆನೆಯುತ್ತಿದ್ದರು.

ಆಮೇಲೆ ಚಿತ್ರರಂಗ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೋಯಿತು. ಇವರನ್ನು ಕಟ್ಟಿಕೊಳ್ಳಲು ಮರೆಯಿತು. ಅಷ್ಟರಲ್ಲಿ ಮಗನಿಗೆ ಇಲ್ಲಿನ ರೈಲ್ವೆ ಬೋಗಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಶಿವ ಒಂದು ಬಾಗಿಲು ಹಾಕುವಾಗ ಪೆರಂಬೂರಿನಲ್ಲಾದರೂ ಒಂದು ಕಿಟಕಿ ತೆರೆದಿಟ್ಟಿದ್ದ.

ಮನೆಯಲ್ಲಿ ಮಾವನವರು ಪಕ್ಕಾ ಲಿಂಗವಂತರು. ಎದೆಯ ಮೇಲಿನ ಲಿಂಗವನ್ನು ಪೂಜಿಸದೆ ಹನಿ ಕಾಫಿ ಕುಡಿಯುತ್ತಿರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಟಿವಿಯಲ್ಲಿ ಅವರದೇ ಸಾವು ಬರುತ್ತಿತ್ತು. ನಾನು ಹುಣಸೆಹಣ್ಣು ಬಿಡಿಸುತ್ತಿದ್ದೆ.

"ಯವ್ವಾ, ಸಿನಿಮಾದಾಗ ಮಕ್ಕೊಂಡು ಸತ್ತದ್ದು ಸಾಕಾಗೇತಿ," ಎಂದರು. "ಖರೇ ಸತ್ತಾಗ ನನ್ನ ಕೂಡ್ರಸಬೇಕು ನೋಡು. ಮಗನ್ನ ನಂಬಂಗಿಲ್ಲ. ನಿನಗ ಹೇಳೇನಿ."

"ಬಿಡ್ರಿ ಮಾವಾರ, ಯಾಕ ಅಂಥಾ ಮಾತು," ಎಂದೆ.

"ಹೂಂ ಅನ್ನು."

ಹೂಂ ಎಂದೆ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಮಣ್ಣು ಕೊಡುತ್ತೇವೆ. ಆದರೆ ಜೀವ ಹೋಗಿ ಎರಡು ಮೂರು ತಾಸಿನೊಳಗೆ ಕೂರಿಸಿಬಿಡಬೇಕು. ಆಮೇಲೆ ಮೈ ಸೆಟೆದುಕೊಳ್ಳುತ್ತದೆ, ಯಾರ ಮಾತನ್ನೂ ಕೇಳುವುದಿಲ್ಲ.

ಅದಕ್ಕೇ ಫೋನಿನಲ್ಲಿ ಯಜಮಾನರ ಮುಂದಿನ ಮಾತು ಕೇಳಿ ನನಗೆ ಅಳುವುದಕ್ಕೂ ಪುರುಸೊತ್ತಾಗಲಿಲ್ಲ.

"ಸಂಘದವ್ರು ಗಾಜಿನ ಐಸ್ ಪೆಟ್ಟಿಗಿ ಕಳಸ್ತಾರಂತ. ಅಧ್ಯಕ್ಷರು ಬೆಂಗಳೂರಿಂದ ಸಂಜೀ ನಾಲ್ಕಕ್ಕ ಬರ್ತಾರಂತ. ಅಲ್ಲೀತನಕ ಮಲಗಿಸಿರ್ರಿ ಅಂದ್ರು. ಹೂಂ ಅಂದೆ."

ಹೂಂ ಎನ್ನುವುದು ನನ್ನ ಯಜಮಾನರ ಮಾತೃಭಾಷೆ.

"ನಾಲ್ಕಕ್ಕಂದ್ರ ಮೈ ಕಟಗಿ ಆಗಿರ್ತೈತ್ರಿ. ಆಮ್ಯಾಲೆ ಹೆಂಗ ಕೂಡ್ರಸೋದು, ಮುರದು?"

"ಸೆರಿ ಸೆರಿ, ಕೇಳಿ ಹೇಳ್ತೀನಿ."

"ಯಾರ್ನ ಕೇಳ್ತೀರಿ? ಅಪ್ಪ ಯಾರಿಗೆ, ನಿಮಗೋ ಅಧ್ಯಕ್ಷರಿಗೋ? ಮೊದಲು ಮನೀಗೆ ಕರಕೊಂಡು ಬರ್ರಿ."

ಗ್ರೈಂಡರ್ ನಿಲ್ಲಿಸಿದೆ. ನೀರು ಕಾಯಲಿಟ್ಟು, ಪಡಸಾಲೆ ಸಾರಿಸಿ, ಗೋಡೆಗೆ ಮಣೆ ಒರಗಿಸಿದೆ. ಒಂಬತ್ತೂವರೆಗೆ ಆಂಬ್ಯುಲೆನ್ಸ್ ಬಂತು. ನಲ್ಲಿಯಲ್ಲಿ ನೀರು ಇನ್ನೂ ಬರುತ್ತಿತ್ತು, ಕರೆಂಟು ಇತ್ತು, ಲಿಫ್ಟು ಅಪರೂಪಕ್ಕೆ ಕೆಟ್ಟಿರಲಿಲ್ಲ. ಇಷ್ಟು ಕೊಟ್ಟ ಶಿವ ಒಬ್ಬ ಗಟ್ಟಿ ಗಂಡನನ್ನೂ ಕೊಡಬಹುದಿತ್ತು ಎಂದು ಆ ಗಳಿಗೆಯಲ್ಲಿ ಅನ್ನಿಸಿದ್ದು ನಿಜ.

ಸ್ಟ್ರೆಚರ್ ಹಿಡಿದವರಿಗೆ ಗೋಡೆ ತೋರಿಸಿದೆ.

"ಎನ್ನಮ್ಮಾ, ಉಕ್ಕಾರ ವೆಕ್ಕಣುಮಾ?" ಎಂದ ಒಬ್ಬ. ಕೂರಿಸಬೇಕಾ ಎಂದು ಅವನಿಗೆ ಆಶ್ಚರ್ಯ.

"ಆಮಾ ಅಣ್ಣಾ, ಉಕ್ಕಾರ ವೈಂಗ."

ಎದುರು ಮನೆಯ ಅಯ್ಯರ್ ಮಾಮಿ ಹೇಳದೆಯೇ ಬಂದು ಬೆನ್ನಿಗೆ ಕೈ ಕೊಟ್ಟರು. ಬಿಸಿನೀರು ಹೊಯ್ದು ತೊಳೆದೆವು. ಎಡಗಾಲು ಮಡಚಿತು. ಬಲ ಮೊಣಕಾಲು ಜಗ್ಗಲಿಲ್ಲ. ಅದು ಬದುಕಿದ್ದಾಗಲೂ ಜಗ್ಗದ ಕಾಲು, ಸಂಧಿವಾತದ್ದು. ಒಂದು ಸಲ, ಎರಡು ಸಲ ನೋಡಿದೆವು. ಕೊಟ್ಟ ಮಾತು ಇಲ್ಲಿಗೇ ಮುಗಿಯಿತೇನೋ ಎಂದುಕೊಂಡೆ. ಯಜಮಾನರು ಕಿಟಕಿಯ ಬಳಿ ನಿಂತು, "ಹೌದು ಸರ್, ಸೆರಿ ಸರ್," ಎನ್ನುತ್ತಿದ್ದರು.

"ಫೋನ್ ಕೆಳಗಿಡ್ರಿ," ಎಂದೆ. "ಅಪ್ಪನ ಕಾಲು ಹಿಡೀರಿ."

ಇಟ್ಟರು. ಅಪ್ಪನ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿನೀರಿನ ಬಟ್ಟೆಯಿಂದ ಒತ್ತತೊಡಗಿದರು. ದಿನಾ ರಾತ್ರಿ ಎಣ್ಣೆ ತಿಕ್ಕುತ್ತಿದ್ದವರು ಅವರೇ. ಆ ಕಾಲಿನ ಹದ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ನಾನು ಮರೆತಿದ್ದೆ. ಸ್ವಲ್ಪ ಹೊತ್ತಿಗೆ ಮೊಣಕಾಲು ಮೆಲ್ಲಗೆ ಮಡಚಿಕೊಂಡಿತು. ಎದೆಗೆ ಬಿಳಿ ಪಂಚೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದೆವು. ವಿಭೂತಿ ಹಚ್ಚಿ ಅಂಗೈಯಲ್ಲಿ ಲಿಂಗವಿಟ್ಟೆವು. ಗಂಡನ ಬಗ್ಗೆ ಶಿವನಿಗೆ ಹೇಳಿದ ದೂರನ್ನು ಅಲ್ಲೇ ವಾಪಸು ತೆಗೆದುಕೊಂಡೆ.

ಮಧ್ಯಾಹ್ನ ಸಂಘದ ಇಲ್ಲಿನ ಶಾಖೆಯ ಕಾರ್ಯದರ್ಶಿ ಬಂದರು. ಜೊತೆಗೆ ಗಾಜಿನ ಪೆಟ್ಟಿಗೆ, ಒಬ್ಬ ಕ್ಯಾಮೆರಾದವ, ಆಳೆತ್ತರದ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಮಾವನವರ ಹಣೆಯ ಮೇಲೆ ಮೂಗಿನವರೆಗೆ ಇಳಿದ ಉದ್ದನೆಯ ನಾಮ! ಯಾವುದೋ ಚಿತ್ರದಲ್ಲಿ ವಿಷ್ಣು ದೇವಾಲಯದ ಅರ್ಚಕರಾಗಿದ್ದರು. ಸಂಘದ ಕಪಾಟಿನಲ್ಲಿ ಸಿಕ್ಕಿದ್ದು ಅದೊಂದೇ ಪಟವಂತೆ. ಆ ಚಿತ್ರಕ್ಕೆ ಲಿಂಗದ ಕರಡಿಗೆಯನ್ನು ಶಲ್ಯದ ಮರೆಯಲ್ಲಿ ಅಡಗಿಸಿಕೊಂಡು ಅಭಿನಯಿಸಿದ್ದೆ ಎಂದು ಮಾವನವರು ಹೇಳುತ್ತಿದ್ದರು. ಪೆರುಂಗುಡಿಯ ಆಫೀಸಿನಿಂದ ಆಗಷ್ಟೇ ಬಂದ ನನ್ನ ಮಗಳು ಅತ್ತು ಕೆಂಪಾದ ಕಣ್ಣಿನಲ್ಲೇ ಅದನ್ನು ನೋಡಿ, "ಅಮ್ಮಾ, ಇದು ಯಾರು? ತಾತಾ ಇಲ್ಲೈಯೇ!" ಎಂದಳು, ತಾತ ಅಲ್ಲವಲ್ಲ ಎಂದು. ನಾನು ಅದರ ಮೇಲೆ ವಿಭೂತಿ ಅಡ್ಡ ಎಳೆದು ನೋಡಿದೆ. ಫ್ಲೆಕ್ಸಿನ ಮೇಲೆ ವಿಭೂತಿಯೂ ನಿಲ್ಲಲಿಲ್ಲ.

ಕಾರ್ಯದರ್ಶಿ ಕೂತಿದ್ದ ಮಾವನವರನ್ನು ನೋಡಿ ಗಲಿಬಿಲಿಗೊಂಡರು. "ಏನ್ ಸಾರ್ ಇದು, ಕೂರಿಸ್ಬಿಟ್ಟಿದೀರ! ಎರಡೇ ನಿಮಿಷ ಮಲಗಿಸಿ. ಅಂತಿಮ ದರ್ಶನ ಅಂದ್ರೆ ಬಾಕ್ಸಲ್ಲಿದ್ರೇನೇ ಲಕ್ಷಣ. ಕ್ಯಾಮೆರಾಗೂ ಚೆನ್ನಾಗಿರುತ್ತೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಮುಂದೆ ಬಂದರು.

"ಇಲ್ರಿ," ಎಂದರು. "ನೀವು ಹೇಳಿದಾಗೆಲ್ಲ ಮಕ್ಕೊಂಡಾನ ನಮ್ಮಪ್ಪ. ಇವತ್ತ ಕೂತಾನ. ಹಿಂಗ ನೋಡೂದಿದ್ರ ನೋಡ್ರಿ."

ಮದುವೆಯಾದಂದಿನಿಂದ ಅವರ ಬಾಯಲ್ಲಿ ಆ "ಇಲ್ರಿ" ನಾನು ಕೇಳಿದ್ದು ಅದೇ ಮೊದಲು. ಅಪ್ಪನ ಧ್ವನಿ ಸ್ವಲ್ಪ ಬಂದಿತ್ತು, ಮಧ್ಯಂತರದ ನಂತರದ ನಾಯಕನ ಸಿಟ್ಟಿನ ಜೊತೆಗೆ.

ಅಧ್ಯಕ್ಷರು ಬರಲಿಲ್ಲ. ಬೇರೆ ಕಾರ್ಯಕ್ರಮ ಬಂತಂತೆ, ಹಾರ ಕಳಿಸಿದ್ದರು. ಖಾಲಿ ಐಸ್ ಪೆಟ್ಟಿಗೆ ಮಾತ್ರ ನಮ್ಮ ಕರೆಂಟಿನಲ್ಲಿ ಗುಂಯ್ಗುಡುತ್ತ ಪಡಸಾಲೆಯಲ್ಲಿತ್ತು. ಮಾಮಿ ಬಂದ ಹಾರಗಳನ್ನೆಲ್ಲ ಅದರೊಳಗಿಟ್ಟು, "ಪೂ ವಾಡಾದು," ಎಂದರು. ಹೂವು ನಿಜಕ್ಕೂ ಬಾಡಲಿಲ್ಲ. ಸಂಘದಿಂದ ನಮಗಾದ ಉಪಕಾರ ಅದು.

ನಮ್ಮ ಜಂಗಮ ಅಯ್ಯನವರು ಬಂದು ವಿಧಿ ಮುಗಿಸಿದರು. ಶವದ ವ್ಯಾನಿನಲ್ಲಿ ಮಲಗಿಸುವುದಕ್ಕಷ್ಟೇ ಜಾಗ. ಹಾಗಾಗಿ ಇಲ್ಲಿಯವರು ಕುಟ್ಟಿಯಾನೆ ಎನ್ನುವ ಚಿಕ್ಕ ಸರಕಿನ ಗಾಡಿಗೆ ಕುರ್ಚಿ ಬಿಗಿದು, ಬಾಳೆಕಂಬ ಕಟ್ಟಿ ಕೂರಿಸಿದೆವು. ಬೀದಿಯ ತಿರುವಿನಲ್ಲಿ ತರಕಾರಿ ಕೊಳ್ಳುತ್ತಿದ್ದ ಒಬ್ಬ ಕನ್ನಡದ ಮುದುಕಿ ಗಾಡಿಯನ್ನು ನೋಡಿ ಕೈಚೀಲ ಕೆಳಗಿಟ್ಟು ಕೈಮುಗಿದರು. "ಅಯ್ಯೋ, ಇವರಾ!" ಎಂದರು. ನಾಮವಿಲ್ಲದ ಮುಖದಲ್ಲೂ ಗುರುತು ಹಿಡಿದರು.

ಮಣ್ಣು ಕೊಟ್ಟು ಬಂದು ಸ್ನಾನ ಮಾಡಿ ಅಡುಗೆಮನೆಗೆ ಹೋದೆ. ಮಾಮಿ ಬಾಗಿಲಲ್ಲೇ ನಿಂತು, ಹತ್ತು ದಿನ ಒಲೆ ಹಚ್ಚಬಾರದು, ಊಟ ತಾನು ಕಳಿಸುತ್ತೇನೆ ಎಂದರು. "ನಮ್ಮಲ್ಲಿ ಸೂತಕ ಇಲ್ಲ ಮಾಮಿ," ಎಂದೆ. ಊರಿನಿಂದ ಬರುವವರು ಬೆಳಿಗ್ಗೆ ಹಸಿದು ಇಳಿಯುತ್ತಾರೆ. ಅರ್ಧ ರುಬ್ಬಿದ ಉದ್ದು ಸ್ವಲ್ಪ ಹುಳಿಯಾಗಿತ್ತು, ಕೆಟ್ಟಿರಲಿಲ್ಲ. ಅದನ್ನು ನುಣ್ಣಗೆ ರುಬ್ಬಿ ತೆಗೆದು, ಬೆಳಿಗ್ಗೆಯಿಂದ ನೆನೆಯುತ್ತಿದ್ದ ಅಕ್ಕಿಯ ನೀರು ಬಸಿದು ಗ್ರೈಂಡರಿಗೆ ಹಾಕಿದೆ.